ಹೈಸ್ಕೂಲಲ್ಲಿ ಒಂದಿಡೀ ದಿನ ಹಕ್ಕು, ಗುರುತು ಅಂತ ಕಾರ್ಯಾಗಾರ ಮಾಡಿದ್ವಿ, ಒಂದು ಖಾಲಿ ಚೀಟಿ ನಿದ್ದೆ ಕೆಡಿಸಿದೆ

ಸಮಾಜದ ಮೇಷ್ಟ್ರು, ಚಿಂತಾಮಣಿ ಕಡೆ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ. ನಾನು ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಮಾಡ್ತೀನಿ, 17 ವರ್ಷ ಆಯ್ತು. ಪ್ರತಿ ವರ್ಷ ನವೆಂಬರ್ 26 ಬಂದ್ರೆ ಪ್ರೇಯರ್‌ನಲ್ಲಿ ಸಂವಿಧಾನ ಪೀಠಿಕೆ ಓದ್ಸೋದು, ಅಂಬೇಡ್ಕರ್ ಫೋಟೋಗೆ ಹಾರ, ಒಂದಿಬ್ರು ಮಕ್ಕಳ ಭಾಷಣ, ಚಾಕ್ಲೇಟು, ಮುಗೀತು. ಈ ಸಲ ಹಂಗೆ ಬೇಡ ಅಂತ ನಾನು, ಕನ್ನಡ ಮೇಡಂ, ಪಿಟಿ ಸಾರ್ ಮೂರು ಜನ ಹೆಚ್‌ಎಂ ಹತ್ರ ಕೂತು ಮಾತಾಡಿ ಒಂದಿಡೀ ದಿನ ಇಸ್ಕೊಂಡ್ವಿ. 9, 10ನೇ ಕ್ಲಾಸು, ಐದು ರೂಮು, ಒಂದೊಂದು ರೂಮಲ್ಲಿ ಒಂದೊಂದು ಕಾರ್ಯಾಗಾರ, ಬೆಲ್ ಹೊಡೆದಂಗೆ ಮಕ್ಕಳು ರೂಮ್ ಬದಲಾಯಿಸ್ತಾ ಹೋಗೋದು.

ಒಂದರಲ್ಲಿ ಕಾನೂನು, ಪರಿಚಯದ ವಕೀಲರೊಬ್ರು ಬಂದಿದ್ರು. ಒಂದರಲ್ಲಿ ಬಾಲ್ಯವಿವಾಹ, ಮಕ್ಕಳ ಸಹಾಯವಾಣಿ 1098, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಪೋಕ್ಸೊ ಕಾಯ್ದೆ. ಒಂದರಲ್ಲಿ ಭಾಷೆ, ನಮ್ಮಲ್ಲಿ ಮುಕ್ಕಾಲು ಪಾಲು ಮಕ್ಕಳ ಮನೆಮಾತು ತೆಲುಗು, ಒಂದಷ್ಟು ಜನದ್ದು ಉರ್ದು, ಸ್ಕೂಲಿಗೆ ಬಂದ್ರೆ ಕನ್ನಡ, ಅದರ ಬಗ್ಗೆ ಕನ್ನಡ ಮೇಡಂ ತುಂಬಾ ಚೆನ್ನಾಗಿ ಮಾಡಿದ್ರು. ಇವು ಮೂರೂ ಸಲೀಸಾಗಿ ಹೋದ್ವು. ನಾನು ಹೇಳ್ಬೇಕಿರೋದು ಉಳಿದ ಎರಡು ರೂಮಿನ ವಿಷಯ.

ನಾಲ್ಕನೇ ರೂಮು ಊರಿನ ನಕ್ಷೆ. ನೆಲದ ಮೇಲೆ ಚಾರ್ಟ್ ಶೀಟ್ ನಾಲ್ಕು ಸೇರಿಸಿ ಅಂಟಿಸಿದ್ವಿ, ಒಂದೊಂದು ಊರಿನ ಮಕ್ಕಳು ಸುತ್ತ ಕೂತು ಅವರವರ ಊರು ಬರೆಯೋದು. ಬಸ್ ಸ್ಟಾಪು, ಡೈರಿ, ಹೋಟ್ಲು, ಕಟಿಂಗ್ ಶಾಪು, ನೀರಿನ ಟ್ಯಾಂಕು, ದೇವಸ್ಥಾನ, ಮಸೀದಿ, ಸ್ಮಶಾನ ಎಲ್ಲಾ. ಆಮೇಲೆ ನಾನು ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಓದ್ದೆ, ಅಂಗಡಿ, ಹೋಟ್ಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವಕ್ಕೆ ಹೋಗೋಕೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಯಾರನ್ನೂ ತಡೆಯಂಗಿಲ್ಲ ಅನ್ನೋದು. ಓದಿಬಿಟ್ಟು ಇಷ್ಟೇ ಹೇಳಿದ್ದು, ನಿಮ್ಮೂರಲ್ಲಿ ಯಾರಿಗಾದ್ರೂ ಹೋಗೋಕೆ ಹಿಂಜರಿಕೆ ಆಗೋ ಜಾಗ ಇದ್ರೆ ಅಲ್ಲಿ ಒಂದು ಕೆಂಪು ಚುಕ್ಕಿ ಇಡಿ, ನಿಮಗೇ ಆಗ್ಬೇಕು ಅಂತಿಲ್ಲ, ಯಾರಿಗಾದ್ರೂ ಸರಿ. ಹತ್ತು ನಿಮಿಷ ಯಾರೂ ಮಾತಾಡ್ಲಿಲ್ಲ, ಸ್ಕೆಚ್ ಪೆನ್ ಸದ್ದು ಅಷ್ಟೇ. ಹೋಟ್ಲು ಮುಂದೆ ಚುಕ್ಕಿ, ದೇವಸ್ಥಾನದ ಮೆಟ್ಲ ಹತ್ರ ಚುಕ್ಕಿ. ಹೆಣ್ಮಕ್ಕಳು ಬಸ್ ಸ್ಟಾಪ್ ಪಕ್ಕದ ವೈನ್ ಶಾಪ್ ಹತ್ರ ಒಂದರ ಮೇಲೊಂದು ಇಟ್ಟು ಅಲ್ಲಿ ಪೇಪರೇ ಕೆಂಪಾಗೋಯ್ತು. ಒಬ್ಬ ಹುಡುಗ ಊರೆಲ್ಲಾ ಬಿಟ್ಟು ನಮ್ಮ ಸ್ಕೂಲ್ ಬಿಲ್ಡಿಂಗ್ ಮೇಲೆ ಇಟ್ಟ. ಯಾಕಪ್ಪ ಅಂದ್ರೆ ಕ್ಲಾಸಲ್ಲಿ ಓದೋಕೆ ಎದ್ರೆ ನನ್ನ ಕನ್ನಡ ಕೇಳಿ ನಗ್ತಾರೆ ಸಾರ್ ಅಂದ. ಅವನ ಮನೇಲಿ ಅಪ್ಪನ್ನ ನಾಯನ ಅಂತ ಕರೆಯೋ ತೆಲುಗು.

ಐದನೇ ರೂಮು ನಾನೇ ತಯಾರು ಮಾಡಿದ್ದು, 'ನಾನು ಯಾರು'. ಒಂದು ಚೀಟೀಲಿ ನಾನು, ನಾನು, ನಾನು ಅಂತ ಐದು ಸಾಲು ಪ್ರಿಂಟ್ ಹಾಕ್ಸಿದ್ದೆ, ಮುಂದೆ ಅವರೇ ತುಂಬ್ಬೇಕು. ಹುಡುಗ, ರೈತನ ಮಗ, ಕಬಡ್ಡಿ ಆಟಗಾರ, ಹಿಂಗೆ ಏನಾದ್ರೂ. ಇಷ್ಟ ಇದ್ದೋರು ಎದ್ದು ಓದ್ಬೋದು ಅಂದಿದ್ದೆ. ಸಾಯಂಕಾಲ ಚೀಟಿ ಎಲ್ಲಾ ಜೋಡಿಸ್ತಾ ಇದ್ದೆ, ಒಂದು ಚೀಟಿ ಖಾಲಿ. ಪೂರ್ತಿ ಖಾಲಿ ಅಲ್ಲ, ಮೊದಲ್ನೇ ಸಾಲಲ್ಲಿ ಏನೋ ಬರೆದು ರಬ್ಬರ್‌ನಲ್ಲಿ ಉಜ್ಜಿ ಮತ್ತೆ ಬರೆದು ಮತ್ತೆ ಉಜ್ಜಿ ಅಲ್ಲಿ ಕಾಗದ ತೆಳ್ಳಗಾಗಿ ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣ್ಸೋ ಹಂಗಾಗಿತ್ತು. ಯಾರದ್ದು ಅಂತ ನಾನು ಹುಡುಕ್ಲಿಲ್ಲ. ಆ ಹುಡುಗೀನೇ ಬಸ್ಸಿಗೆ ಹೋಗೋಕೆ ಮುಂಚೆ ಬಂದು ನಿಂತ್ಕೊಂಡ್ಳು. ಸಾರ್, ಸ್ಕಾಲರ್‌ಶಿಪ್ ಅರ್ಜಿ ಬಂದಾಗೆಲ್ಲಾ ಎಸ್‌ಸಿ ಎಸ್‌ಟಿ ಮಕ್ಕಳು ಎದ್ದು ನಿಂತ್ಕೊಳ್ಳಿ ಅಂತೀರಲ್ಲ, ಅವತ್ತೇ ಎಲ್ರಿಗೂ ಗೊತ್ತಾಗಿದೆ, ಮತ್ತೆ ಚೀಟೀಲಿ ಯಾಕೆ ಸಾರ್ ಬರ್ಸೋದು ಅಂದ್ಳು. ಕೋಪದಲ್ಲಿ ಅಲ್ಲ, ನಿಜವಾಗ್ಲೂ ಅರ್ಥ ಆಗದೆ ಕೇಳಿದ್ದು. 17 ವರ್ಷದಿಂದ ಹಂಗೆ ಎದ್ದು ನಿಲ್ಸಿರೋನು ನಾನೇ. ಏನೂ ಹೇಳೋಕಾಗ್ಲಿಲ್ಲ ನನಗೆ.

ಇದರ ಜೊತೆಗೆ ಮಾರನೇ ದಿನ ನಾಲ್ಕು ಜನ ಪೋಷಕರು ಬಂದು ಮಕ್ಕಳ ತಲೇಲಿ ಜಾತಿ ತುಂಬ್ತಾ ಇದ್ದೀರ ಅಂತ ಜಗಳ ಆಡಿ ಹೋದ್ರು. ಮುಂದಿನ ವರ್ಷ ಮಾಡ್ಬೇಕಾ, ಮಾಡಿದ್ರೆ ಹೆಂಗೆ ಮಾಡ್ಬೇಕು, ಅನುಭವ ಇರೋರು ಹೇಳಿ.

ರೇಷ್ಮೆ ಗೂಡು, ಶಿಡ್ಲಘಟ್ಟ:

ಮೇಷ್ಟ್ರೇ ಬೇಜಾರು ಮಾಡ್ಕೋಬೇಡಿ, ನಾನು ಆ ನಾಲ್ಕು ಜನದಲ್ಲಿ ಇರ್ಲಿಲ್ಲ ಆದ್ರೆ ಇದ್ದಿದ್ರೆ ನಾನೂ ಬರ್ತಿದ್ದೆ. ನನ್ ಮಗ 9ನೇ ಕ್ಲಾಸು. ಅವನ ಫ್ರೆಂಡ್ಸು ನಮ್ಮನೇಗೆ ಬರ್ತಾರೆ, ಉಣ್ತಾರೆ, ಇವನೂ ಹೋಗ್ತಾನೆ, ಯಾರು ಏನು ಅಂತ ನಾವು ಕೇಳಲ್ಲ. ಮಕ್ಕಳು ಹಂಗೇ ಇರ್ಲಿ ಬಿಡಿ. ನೀವು ಚುಕ್ಕಿ ಇಡಿ, ಚೀಟಿ ಬರೀರಿ ಅಂತ ಕೇಳಿದ್ರೆ ಇಲ್ದಿರೋದು ತಲೇಗೆ ಬರುತ್ತೆ. ಹತ್ತನೇ ಕ್ಲಾಸ್ ಪರೀಕ್ಷೆ ಬೇರೆ ಹತ್ರ ಇರುತ್ತೆ, ಒಂದಿಡೀ ದಿನ ಅಂದ್ರೆ ಐದು ಪೀರಿಯಡ್ ಗಣಿತ ಹೋಯ್ತಲ್ಲ. ಹಕ್ಕು ಬೇಡ ಅಂತಲ್ಲ, ಪಾಠದಲ್ಲಿ ಐತಲ್ಲ, ಪಾಠ ಮಾಡಿ.

ಮಾಲೂರು ರೋಡು:

ಅಣ್ಣ, ನಿಮ್ಮ ಮನೇಲಿ ಹಂಗೆ ಇದ್ದೀರ ಅಂದ್ರೆ ಕೇಳೋಕೆ ನಿಜವಾಗ್ಲೂ ಖುಷಿ. ಆದ್ರೆ ಮಕ್ಕಳಿಗೆ ಗೊತ್ತಿರಲ್ಲ ಅನ್ನೋದನ್ನ ಮಾತ್ರ ಒಪ್ಪಲ್ಲ. ನಾನು ಐದನೇ ಕ್ಲಾಸಲ್ಲಿ ಇದ್ದಾಗ್ಲೇ ಯಾವ ಮನೇಲಿ ನೀರು ಕೇಳ್ಬೇಕು, ಯಾವ ಮನೇಲಿ ಬಾಯಾರಿಕೆ ಆದ್ರೂ ಕೇಳಬಾರ್ದು ಅಂತ ಗೊತ್ತಿತ್ತು, ಯಾರೂ ಕೂರಿಸ್ಕೊಂಡು ಹೇಳ್ಕೊಟ್ಟಿರ್ಲಿಲ್ಲ. ಒಂದು ಸಲ ಗೆಳತಿ ಮನೇಲಿ ಅವರಜ್ಜಿ ಕೈ ಬೊಗಸೆ ಹಿಡಿ ಅಂದು ಮೇಲಿಂದ ಚೊಂಬಲ್ಲಿ ಹೊಯ್ದ್ರು, ಮೊಣಕೈವರೆಗೂ ನೀರು ಸುರಿದು ಯೂನಿಫಾರಂ ತೋಳು ಒದ್ದೆ ಆಯ್ತು. ನನ್ನ ಗೆಳತಿ ಅದನ್ನ ನೋಡ್ತಾ ನಿಂತಿದ್ಳು. ಅವಳಿಗೆ ನಲವತ್ತು ವರ್ಷ ಈಗ, ಮೊನ್ನೆ ಮದುವೆ ಮನೇಲಿ ಸಿಕ್ಕಿದ್ಳು, ಅವಳೇ ಆ ನೀರಿನ ಮಾತು ಎತ್ತಿ ಕಣ್ಣೀರು ಹಾಕಿದ್ಳು.

ನಮ್ಮ ತಾಲ್ಲೂಕಿನ ಉಳ್ಳೇರಹಳ್ಳಿ ವಿಷಯ ಎಲ್ರಿಗೂ ಗೊತ್ತು. 2022 ಸೆಪ್ಟೆಂಬರ್‌ನಲ್ಲಿ ದೇವರ ಕೋಲು ಮುಟ್ದ ಅಂತ ಹೈಸ್ಕೂಲು ವಯಸ್ಸಿನ ಹುಡುಗನ ಮನೆಯವರಿಗೆ 60 ಸಾವಿರ ದಂಡ ಹಾಕಿದ್ರು, ಆಮೇಲೆ ಆ ಮನೇಲಿ ದೇವರ ಫೋಟೋ ತೆಗೆದು ಅಂಬೇಡ್ಕರ್ ಫೋಟೋ ಇಟ್ರು. 2023 ಡಿಸೆಂಬರ್‌ನಲ್ಲಿ ಇದೇ ತಾಲ್ಲೂಕಿನ ಒಂದು ವಸತಿ ಶಾಲೇಲಿ ಮಕ್ಕಳನ್ನ ಶೌಚದ ಗುಂಡಿಗೆ ಇಳಿಸಿ ಕ್ಲೀನ್ ಮಾಡ್ಸಿದ್ದು ಟೀವೀಲೆಲ್ಲಾ ಬಂತು. ಎರಡರಲ್ಲೂ ಮಕ್ಕಳು ನಿಮ್ಮ ಮಗನ ವಯಸ್ಸಿನೋರೇ ಅಣ್ಣ. ಅವರಿಗೆ ಗಣಿತದ ಪೀರಿಯಡ್ ಹೋದ್ರೆ ಹೆಂಗೆ ಅಂತ ಯಾರೂ ಯೋಚ್ನೆ ಮಾಡ್ಲಿಲ್ಲ.

ಕೋರ್ಟ್ ಆವರಣ, ಕೋಲಾರ:

ನಾನು ಕಾನೂನಿನ ವಿಷಯ ಒಂದೆರಡು ಸೇರಿಸ್ತೀನಿ, ಮುಂದಿನ ಸಲ ಉಪಯೋಗಕ್ಕೆ ಬರ್ಲಿ. ನೀವು ಓದಿದ 15(2) ವಿಧೀಲಿ 'ಅಂಗಡಿ' ಅಂತ ಮಾತ್ರ ಇದೆ, ಕಟಿಂಗ್ ಶಾಪ್ ಅಂತ ಇಲ್ಲ. ಸಂವಿಧಾನ ಸಭೇಲಿ 1948 ನವೆಂಬರ್ 29ರಂದು ಇದರ ಚರ್ಚೆ ಆದಾಗ ಈ ಪ್ರಶ್ನೆ ಬಂತು, ಅಂಗಡಿ ಅನ್ನೋ ಪದ ವಿಶಾಲ ಅರ್ಥದಲ್ಲಿ ಇದೆ, ಕ್ಷೌರದಂಗಡಿ, ಬಟ್ಟೆ ಒಗೆಯೋ ಅಂಗಡೀನೂ ಅದರಲ್ಲಿ ಬರುತ್ತೆ ಅಂತ ಅಂಬೇಡ್ಕರ್ ಅವರೇ ವಿವರಣೆ ಕೊಟ್ರು. ಅಸ್ಪೃಶ್ಯತೆ ರದ್ದು ಮಾಡೋ ವಿಧಿ, ಈಗಿನ 17ನೇದು, ಅದೂ ಅದೇ ದಿನ ಅಂಗೀಕಾರ ಆಗಿದ್ದು. ಇದನ್ನ ಮಕ್ಕಳಿಗೆ ಹೇಳಿ, ಕಟಿಂಗ್ ಶಾಪ್ ಬಾಗ್ಲು ಅವರು ದಿನಾ ನೋಡೋ ಬಾಗ್ಲು.

1955ರ ಕಾಯ್ದೆಗೆ ಮೊದಲು ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅಂತ ಹೆಸರಿತ್ತು, 1976ರಲ್ಲಿ ತಿದ್ದುಪಡಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಬದಲಾಯಿಸಿದ್ರು. ಅದು ಸಾಲದು ಅಂತ 1989ರ ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ ಬಂತು, 2015ರ ತಿದ್ದುಪಡೀಲಿ ಸಾಮಾಜಿಕ ಬಹಿಷ್ಕಾರ ಹಾಕೋದೂ ಅಪರಾಧ ಅಂತ ಸೇರಿದೆ. ನಮ್ಮ ರಾಜ್ಯದಲ್ಲಿ ಇದಕ್ಕೇ ಅಂತ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ.

ಮೇಷ್ಟ್ರೇ, ನೀವು ಚಿಂತಾಮಣಿ ಕಡೆಯೋರು, ಕಂಬಾಲಪಲ್ಲಿ ಬಗ್ಗೆ ಆ ದಿನ ಮಾತು ಬಂತಾ? 2000ನೇ ಇಸವಿ ಮಾರ್ಚ್ 11, ಏಳು ಜನ ದಲಿತರನ್ನ ಸುಟ್ಟು ಕೊಂದಿದ್ದು ನಿಮ್ಮ ತಾಲ್ಲೂಕಲ್ಲೇ, ಆಗ ಕೋಲಾರ ಜಿಲ್ಲೆ. ಸಾಕ್ಷಿಗಳು ತಿರುಗಿಬಿದ್ರು, 2006ರಲ್ಲಿ ಆರೋಪಿಗಳು ಬಿಡುಗಡೆ ಆದ್ರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡೀತು. ಸಾಕ್ಷಿ ಹೇಳೋಕೆ ಬಂದೋರು ಯಾಕೆ ಮಾತು ಬದಲಾಯಿಸ್ತಾರೆ ಅನ್ನೋದು ಮಕ್ಕಳಿಗೆ ಬೇಗ ಅರ್ಥ ಆಗುತ್ತೆ, ಕೂಲಿ ಯಾರ ಹೊಲದಲ್ಲಿ, ಸಾಲ ಯಾರ ಹತ್ರ ಅಂತ ಅವರಿಗೆ ಗೊತ್ತು. ನನ್ನ ವೃತ್ತೀಲಿ ನಾನು ದಿನಾ ನೋಡೋದು ಇದೇ, ಕಾಯ್ದೆ ಗಟ್ಟಿಯಾಗೇ ಇರುತ್ತೆ, ಸಾಕ್ಷಿಗೆ ಬಂದೋನು ಸಾಯಂಕಾಲ ಅದೇ ಊರಿಗೆ ವಾಪಸ್ ಹೋಗ್ಬೇಕು.

ಸಮಾಜದ ಮೇಷ್ಟ್ರು:

ಕಂಬಾಲಪಲ್ಲಿ ಮಾತು ಬರ್ಲಿಲ್ಲ ಸಾರ್. ನಾನು ಬೇಕಂತಲೇ ತರ್ಲಿಲ್ಲ. ಎರಡೂ ಕಡೆಯ ಮನೆಗಳ ಸಂಬಂಧಿಕರ ಮಕ್ಕಳು ಒಂದೇ ಬೆಂಚಲ್ಲಿ ಕೂತಿರ್ಬೋದು ಅನ್ನೋ ಅಂಜಿಕೆ. ಸರೀನೋ ತಪ್ಪೋ ಇನ್ನೂ ಯೋಚ್ನೆ ಮಾಡ್ತಾ ಇದ್ದೀನಿ. ಕಟಿಂಗ್ ಶಾಪ್ ವಿಷಯ ಖಂಡಿತ ಹೇಳ್ತೀನಿ.

ಮಾರಿಕುಪ್ಪಂ ರೈಲು:

ನಾನು ಕೆಜಿಎಫ್‌ನೋನು, ಮನೇಲಿ ತಮಿಳು. ತಾತ, ಅಪ್ಪ ಇಬ್ರೂ ಗಣೀಲಿ ದುಡಿದೋರು, 2001 ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನಾನು ಎಂಟನೇ ಕ್ಲಾಸು. ಆ ತೆಲುಗು ಹುಡುಗ ಸ್ಕೂಲ್ ಮೇಲೆ ಚುಕ್ಕಿ ಇಟ್ಟ ಅಂತ ಓದಿದ್ದೇ ನನಗೆ ನನ್ನ ಕ್ಲಾಸ್‌ರೂಮ್ ನೆನಪಾಯ್ತು. ಕೋಲಾರಕ್ಕೆ ಪಿಯುಸಿಗೆ ಹೋದ್ರೆ ಏನೋ ತಮಿಳಾ ಅನ್ನೋರು, ತಮಿಳ್ನಾಡಿಗೆ ನೆಂಟರ ಮನೇಗೆ ಹೋದ್ರೆ ಕರ್ನಾಟಕದೋನು ಅನ್ನೋರು. ನಮ್ಮ ಕಾಲೋನಿಲಿ ಹಿರಿಯರು ಅಂಬೇಡ್ಕರ್ 1954ರಲ್ಲಿ ಕೆಜಿಎಫ್‌ಗೆ ಬಂದಿದ್ದನ್ನ ಈಗ್ಲೂ ಮನೆ ವಿಷಯದ ಥರ ಹೇಳ್ತಾರೆ. ಅದು ನಮ್ಮ ಸ್ಕೂಲಲ್ಲಿ ಒಂದು ದಿನಾನೂ ಯಾರೂ ಹೇಳ್ಲಿಲ್ಲ. ನಮ್ಮೂರಿನ ಚರಿತ್ರೆ ಅಂದ್ರೆ ಚಿನ್ನ ಎಷ್ಟು ತೆಗೆದ್ರು, ಶಿವನಸಮುದ್ರದಿಂದ 1902ರಲ್ಲಿ ಕರೆಂಟ್ ಬಂತು, ಅಷ್ಟೇ. ಕೆಳಗೆ ಇಳಿದೋರು ಯಾರು ಅಂತ ಇರಲ್ಲ.

ಆ ಹುಡುಗನ್ನ ಮಾತ್ರ ಬಿಡಬೇಡಿ ಮೇಷ್ಟ್ರೇ. ಅವನಿಗೆ ಕನ್ನಡ ಓದೋಕೆ ಬರುತ್ತೆ, ನಗೋದು ನಿಂತ್ರೆ ಇನ್ನೂ ಚೆನ್ನಾಗಿ ಬರುತ್ತೆ. ನಾನು ಈಗ ದಿನಾ ಬೆಂಗಳೂರಿಗೆ ರೈಲಲ್ಲಿ ಹೋಗಿ ಬರ್ತೀನಿ, ದಾರಿಯುದ್ದಕ್ಕೂ ಕನ್ನಡದಲ್ಲೇ ಓದೋದು.

ಶಿರಾ ಸೀಮೆ, ಆಶಾ ಕಾರ್ಯಕರ್ತೆ:

ನಮ್ ತುಮಕೂರು ಕಡೆಯಿಂದ ಒಂದು ಮಾತು. ಹಕ್ಕು ಅಂದ್ರೆ ಬರೀ ಒಂದು ಜಾತಿ ಇನ್ನೊಂದು ಜಾತಿಗೆ ಮಾಡೋದಲ್ಲ ಸಾರ್, ಒಂದೇ ಮನೆ ಒಳಗೇನೂ ಐತೆ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ್ರೆ, ಬಾಣಂತಿ ಆದ್ರೆ ಹಟ್ಟಿ ಆಚೆ ಗುಡ್ಲಲ್ಲಿ ಇರ್ಬೇಕು ಅನ್ನೋದು ಇನ್ನೂ ಪೂರ್ತಿ ಹೋಗಿಲ್ಲ. 2023 ಜುಲೈನಲ್ಲಿ ತುಮಕೂರು ಹತ್ರ ಮಲ್ಲೇನಹಳ್ಳಿ ಗೊಲ್ಲರಹಟ್ಟೀಲಿ ಮಳೇಲಿ ಗುಡ್ಲಲ್ಲಿದ್ದ ಹಸುಗೂಸು ತೀರ್ಕೊಂತು. ಮೌಢ್ಯ ತಡೆ ಕಾಯ್ದೆ 2017ರಲ್ಲೇ ಬಂದೈತೆ, ಹಿಂಗೆ ಹೆಣ್ಮಕ್ಕಳನ್ನ ಆಚೆ ಇಡೋದು ಅದರಲ್ಲಿ ನಿಷೇಧ. ನಾನು ಮನೆ ಮನೇಗೆ ಹೋಗಿ ಹೇಳ್ತೀನಿ, ಅತ್ತೇರು ಕೇಳಲ್ಲ, ಸೊಸೇರು ಕೇಳುದ್ರೂ ಬಾಯಿ ಬಿಡಲ್ಲ. ಕೇಳೋದು ಹೈಸ್ಕೂಲು ಹೆಣ್ಮಕ್ಕಳು. ಒಬ್ಳು ಹುಡುಗಿ ಅಮ್ಮನ ಜೊತೆ ಹಟ ಮಾಡಿ ಆ ಮೂರು ದಿನಾನೂ ಸ್ಕೂಲಿಗೆ ಹೋಗ್ತೀನಿ ಅಂತ ಹೋದ್ಳು, ಗುಡ್ಲಿಂದಾನೇ ಬ್ಯಾಗ್ ಹಾಕ್ಕೊಂಡು. ನಿಮ್ಮ ನಕ್ಷೆಯಲ್ಲಿ ಅವಳಾಗಿದ್ರೆ ಆ ಗುಡ್ಲ ಮೇಲೆ ಚುಕ್ಕಿ ಇಡ್ತಿದ್ಳು. ನಕ್ಷೆ ಒಳ್ಳೇದು ಸಾರ್, ಅದನ್ನ ಬಿಡಬೇಡಿ. ಬಾಲ್ಯವಿವಾಹದ ರೂಮಲ್ಲಿ ಇನ್ನೊಂದು ಹೇಳಿ, ಕರ್ನಾಟಕದಲ್ಲಿ ತಿದ್ದುಪಡಿ ಆದ್ಮೇಲೆ ಅಂಥ ಮದುವೆ ಮೊದಲಿಂದಾನೇ ಅಸಿಂಧು. ತಾಳಿ ಬಿದ್ಮೇಲೆ ಏನೂ ಮಾಡೋಕಾಗಲ್ಲ ಅಂತ ಎಷ್ಟೋ ಹೆಣ್ಮಕ್ಕಳು ನಂಬ್ಕೊಂಡವ್ರೆ.

ವಿದುರಾಶ್ವತ್ಥದ ಹುಡುಗ, ಈಗ ಶಿಕಾಗೊ:

ಗೌರಿಬಿದನೂರಿನೋನು, ಕೆಲಸಕ್ಕೆ ಇಲ್ಲಿದ್ದೀನಿ. ಪೋಷಕರು ಜಗಳಕ್ಕೆ ಬಂದ್ರು ಅಂತ ಧೈರ್ಯ ಬಿಡಬೇಡಿ ಸಾರ್. ಇಲ್ಲಿ ಶಿಕಾಗೊ ಉತ್ತರಕ್ಕೆ ನ್ಯೂ ಟ್ರಿಯರ್ ಅಂತ ಒಂದು ಹೈಸ್ಕೂಲಿದೆ, ಅನುಕೂಲಸ್ಥರ ಏರಿಯಾ, ಬಹುಪಾಲು ಬಿಳಿಯರ ಮಕ್ಕಳು. ಅಲ್ಲಿ 2017 ಫೆಬ್ರವರಿ 28ರಂದು ಇಡೀ ಸ್ಕೂಲಿಗೆ ಜನಾಂಗೀಯ ನಾಗರಿಕ ಹಕ್ಕುಗಳ ಬಗ್ಗೆ ಒಂದು ದಿನ ಮಾಡಿದ್ರು, ನೀವು ಮಾಡಿದ ಥರಾನೇ ಬೇರೆ ಬೇರೆ ಕಾರ್ಯಾಗಾರ, ಕಾದಂಬರಿಕಾರ ಕೋಲ್ಸನ್ ವೈಟ್‌ಹೆಡ್ ಭಾಷಣಕ್ಕೆ ಬಂದಿದ್ರು. ಮುಂಚೇನೇ ಪೋಷಕರ ಒಂದು ಗುಂಪು ಇದು ಒಂದೇ ಕಡೆ ವಾಲಿದೆ, ನಮ್ಮ ಅಭಿಪ್ರಾಯದ ಭಾಷಣಕಾರರನ್ನೂ ಕರೀರಿ ಅಂತ ದೊಡ್ಡ ತಕರಾರು ತೆಗೆದ್ರು, ದೇಶದ ಪೇಪರ್‌ಗಳಲ್ಲೆಲ್ಲಾ ಬಂತು. ಆದ್ರೂ ದಿನ ನಡೀತು.

ನಿಮ್ಮ ಮಕ್ಕಳಿಗೆ ಒಂದು ಕಥೆ ಹೇಳಿ. ಇಲ್ಲಿ 1955 ಮಾರ್ಚ್‌ನಲ್ಲಿ ಮಾಂಟ್‌ಗಮರಿ ಊರಲ್ಲಿ ಕ್ಲಾಡೆಟ್ ಕಾಲ್ವಿನ್ ಅಂತ 15 ವರ್ಷದ ಹುಡುಗಿ ಸಿಟಿ ಬಸ್ಸಲ್ಲಿ ಬಿಳಿಯರಿಗೆ ಸೀಟ್ ಬಿಡಲ್ಲ ಅಂತ ಕೂತ್ಲು, ಪೊಲೀಸ್ರು ಎಳ್ಕೊಂಡು ಹೋದ್ರು. ಹೆಸರಾದ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಹಂಗೇ ಸೀಟ್ ಬಿಡದೆ ಕೂತಿದ್ದು ಅದಾಗಿ ಒಂಬತ್ತು ತಿಂಗಳಿಗೆ, ಆಮೇಲೆ 381 ದಿನ ಕಪ್ಪು ಜನ ಆ ಊರಿನ ಬಸ್ ಹತ್ಲಿಲ್ಲ. ನಮ್ಮಲ್ಲಿ ಅಸ್ಪೃಶ್ಯತೆ ಅಪರಾಧ ಅಂತ ಕಾಯ್ದೆ ಬಂದಿದ್ದೂ ಅದೇ 1955. ದಲಿತರನ್ನ ಬಿಡದಿದ್ದ ಮಹಾಡ್‌ನ ಕೆರೆ ನೀರನ್ನ ಅಂಬೇಡ್ಕರ್ ಕುಡಿದಿದ್ದು ಅದಕ್ಕೂ 28 ವರ್ಷ ಮುಂಚೆ, 1927 ಮಾರ್ಚ್ 20. ನಮ್ಮ ವಿದುರಾಶ್ವತ್ಥದಲ್ಲಿ 1938 ಏಪ್ರಿಲ್ 25ರಂದು ಬಾವುಟ ಹಾರಿಸೋಕೆ ಸೇರಿದ ಜನರ ಮೇಲೆ ಗುಂಡು ಹಾರಿಸಿದ್ರು, ಆ ಜಾಗದಲ್ಲಿ ಈಗ ವೀರಸೌಧ ಇದೆ. ನಿಮ್ಮ ಸ್ಕೂಲಿಂದ ಬಸ್ ಮಾಡ್ಕೊಂಡು ಮಕ್ಕಳನ್ನ ಕರ್ಕೊಂಡು ಹೋಗಿ ತೋರ್ಸಿ.

ಹಾಸ್ಟೆಲ್ ಹಕ್ಕಿ:

ನಾನು ಈಗ ಡಿಗ್ರಿ ಸೆಕೆಂಡ್ ಇಯರ್, ಬಾಗೇಪಲ್ಲಿ ತಾಲ್ಲೂಕು. ಆ ಎದ್ದು ನಿಲ್ಸೋದ್ರ ಬಗ್ಗೆ ನಾನು ಹೇಳ್ಬೇಕು ಯಾಕಂದ್ರೆ ನಾನು ನಿಂತಿದ್ದೀನಿ. ಆರನೇ ಕ್ಲಾಸಿಂದ ಹತ್ತರವರೆಗೆ ಪ್ರತಿ ವರ್ಷ. ಬೈಯ್ಯಲ್ಲ, ಹೊಡಿಯಲ್ಲ, ಸಾರ್ ಒಳ್ಳೇದಕ್ಕೇ ಕೇಳೋದು, ದುಡ್ಡು ಬರುತ್ತೆ ಅಂತಾನೇ. ಆದ್ರೆ ಎದ್ದು ನಿಂತಾಗ ಬೆಂಚಿನ ಮರ ಕಿರ್ ಅನ್ನುತ್ತಲ್ಲ, ಆ ಸದ್ದಿಗೆ ಹಿಂದಿನ ಬೆಂಚಿನೋರು ತಲೆ ಎತ್ತಿ ಯಾರ್ಯಾರು ಅಂತ ಎಣಿಸ್ತಾರೆ. ಎಂಟನೇ ಕ್ಲಾಸಲ್ಲಿ ಹೊಸದಾಗಿ ಸೇರಿದ ಒಬ್ಳು ನನ್ನ ಪಕ್ಕ ಕೂತ್ಕೊಂಡು ಹದಿನೈದು ದಿನ ಒಟ್ಟಿಗೆ ಊಟ ಮಾಡಿದ್ಳು, ಅವತ್ತು ನಾನು ಎದ್ದು ನಿಂತೆ, ಮಾರನೇ ದಿನ ಬೇರೆ ಬೆಂಚು. ಅವಳು ಕೆಟ್ಟೋಳಲ್ಲ, ಮನೇಲಿ ಹೇಳಿರ್ತಾರೆ. ಆ ವರ್ಷ ಸ್ಕಾಲರ್‌ಶಿಪ್ ಅರ್ಜಿ ನಾನು ಹಾಕ್ಲೇ ಇಲ್ಲ, ಅಪ್ಪಂಗೆ ಬಂದಿಲ್ಲ ಅಂತ ಸುಳ್ಳು ಹೇಳ್ದೆ.

ಸಾರ್, ಆ ಹುಡುಗಿ ನಿಮ್ಮ ಹತ್ರ ಬಂದು ಕೇಳಿದ್ಳು ಅಂದ್ರೆ ನಿಮ್ಮ ಮೇಲೆ ನಂಬಿಕೆ ಇದೆ. ನಾನು ಯಾರನ್ನೂ ಕೇಳಿರ್ಲಿಲ್ಲ.

ಮಾಲೂರು ರೋಡು:

ಇದನ್ನ ಓದಿ ಮಾತೇ ಬರ್ತಿಲ್ಲಮ್ಮ. ಚೆನ್ನಾಗಿ ಓದು ತಾಯಿ.

ರೇಷ್ಮೆ ಗೂಡು, ಶಿಡ್ಲಘಟ್ಟ:

ಎರಡು ದಿನ ಬಿಟ್ಟು ಬರೀತಾ ಇದ್ದೀನಿ. ಮಾಲೂರಿನ ಅಕ್ಕ ಹೇಳಿದ್ದು, ಈ ಮಗು ಹೇಳಿದ್ದು ಎರಡೂ ಓದಿ ಮಗನ್ನ ಕೂರಿಸ್ಕೊಂಡು ಕೇಳ್ದೆ, ನಿಮ್ಮ ಕ್ಲಾಸಲ್ಲಿ ಹಂಗೆ ಎದ್ದು ನಿಲ್ಲಿಸ್ತಾರಾ ಅಂತ. ಹೂಂ ಅಪ್ಪ ಅಂದ. ಯಾರ್ಯಾರು ನಿಲ್ತಾರೆ ಅಂದ್ರೆ ಒಂದೂ ಬಿಡದೆ ಹನ್ನೊಂದು ಹೆಸರು ಹೇಳ್ದ. ನಮ್ಮನೇಗೆ ಊಟಕ್ಕೆ ಬರೋ ಇಬ್ರ ಹೆಸರೂ ಅದರಲ್ಲಿತ್ತು. ಮಕ್ಕಳಿಗೆ ಗೊತ್ತಿರಲ್ಲ ಅಂದಿದ್ನಲ್ಲ, ಆ ಮಾತು ವಾಪಸ್ ತಗೋತೀನಿ. ಆದ್ರೆ ಮೇಷ್ಟ್ರೇ, ಆ ಚೀಟಿ ಬೇಡ ಅನ್ನೋದು ಮಾತ್ರ ಈಗ್ಲೂ ನನ್ನ ಮಾತು.

ಸಮಾಜದ ಮೇಷ್ಟ್ರು:

ಚೀಟಿ ಬೇಡ ಅನ್ನೋದನ್ನ ನಾನೂ ಪೂರ್ತಿ ಒಪ್ತೀನಿ ಸಾರ್. ಈ ವಾರ ಎಲ್ಲಾ ಯೋಚ್ನೆ ಮಾಡಿ ನನಗೆ ಅನ್ಸಿದ್ದು ಇದು. ನಕ್ಷೆ ರೂಮಲ್ಲಿ ಮಕ್ಕಳು ಮಾತಾಡಿದ್ರು, ಚೀಟಿ ರೂಮಲ್ಲಿ ಮುದುಡ್ಕೊಂಡ್ರು. ನಕ್ಷೆಯಲ್ಲಿ ನಾನು ಊರನ್ನ ಪ್ರಶ್ನೆ ಕೇಳಿದ್ದೆ, ಚೀಟೀಲಿ ಆ ಮಗೂನ ನಿಲ್ಸಿ ಪ್ರಶ್ನೆ ಕೇಳ್ದೆ. ಗುರುತು ಅಂತ ದೊಡ್ಡ ಹೆಸರಿಟ್ಟು ನಾನು ಮಾಡಿದ್ದು ಅದೇ ಎದ್ದು ನಿಂತ್ಕೊಳ್ಳಿ ಅನ್ನೋದನ್ನೇ, ಕಾಗದದ ಮೇಲೆ. ತಾನಾಗಿ ಹೇಳ್ಬೇಕು ಅನ್ನೋ ಮಗು ಹೇಳುತ್ತೆ, ಆ ತೆಲುಗು ಹುಡುಗ ಹೇಳಿದಂಗೆ, ಆ ಹುಡುಗಿ ಬಸ್ಸಿಗೆ ಮುಂಚೆ ಬಂದು ಹೇಳಿದಂಗೆ.

ಸೋಮವಾರ ಸ್ಟಾಫ್ ಮೀಟಿಂಗಲ್ಲಿ ಇಟ್ಟೆ. ಒಂದಿಬ್ರು ಇದೇನ್ ದೊಡ್ಡ ವಿಷಯ ಅಂದ್ರು, ಹೆಚ್‌ಎಂ ಮೇಡಂ ಮಾತ್ರ ಒಂದು ನಿಮಿಷ ಸುಮ್ನಿದ್ದು ನಾನೂ ಹಂಗೆ ನಿಂತೋಳೇ ಅಂದ್ರು. ಹತ್ತು ವರ್ಷ ಒಂದೇ ಸ್ಟಾಫ್ ರೂಮಲ್ಲಿದ್ದೀವಿ, ಅವರು ಈ ಮಾತಾಡಿದ್ದು ಇದೇ ಮೊದಲು. ಇನ್ನು ಮೇಲೆ ಸ್ಕಾಲರ್‌ಶಿಪ್ ಅರ್ಜಿ ವಿಷಯಕ್ಕೆ ಕ್ಲಾಸಲ್ಲಿ ಯಾರನ್ನೂ ಎಬ್ಬಿಸೋದಿಲ್ಲ. ಮಾಹಿತಿ ಸ್ಯಾಟ್ಸ್‌ನಲ್ಲೇ, ಅಂದ್ರೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೇಲೇ ಇದೆ, ಅಲ್ಲಿಂದ ತೆಗೆದು ಪೋಷಕರಿಗೆ ನೇರ ಫೋನು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಏನಾದ್ರೂ ಬೇಕಿದ್ರೆ ಆಫೀಸ್ ರೂಮಿಗೆ ಒಬ್ಬೊಬ್ರನ್ನೇ, ಬೇರೆ ಬೇರೆ ಕೆಲಸಕ್ಕೆ ಕರೆಯೋ ಮಕ್ಕಳ ಜೊತೆಗೇ ಸೇರಿಸಿ. ಗುಮಾಸ್ತರಿಗೆ ಕೆಲಸ ಜಾಸ್ತಿ ಆಗುತ್ತೆ, ಒಪ್ಕೊಂಡ್ರು.

ಆ ಹುಡುಗಿ ಚೀಟಿ ನನ್ನ ಹತ್ರಾನೇ ಇತ್ತು, ಕೊಡಲಾ ಅಂತ ಕೇಳ್ದೆ. ಬೇಡ ಸಾರ್ ಅಂದ್ಳು. ಮುಂದಿನ ಸಲ ನಕ್ಷೆ ರೂಮಲ್ಲಿ ಚಿಕ್ಕ ಕ್ಲಾಸಿನ ಮಕ್ಕಳಿಗೆ ಹೇಳ್ಕೊಡೋಕೆ ನಿಂತ್ಕೋತೀಯಾ ಅಂದೆ, ಮನೇಲಿ ಕೇಳಿ ಹೇಳ್ತೀನಿ ಅಂದವ್ಳೆ.

ಕೋರ್ಟ್ ಆವರಣ, ಕೋಲಾರ:

ಮುಂದಿನ ಸಲ ನಾನೂ ಬರ್ತೀನಿ ಮೇಷ್ಟ್ರೇ, ನವೆಂಬರ್‌ನಲ್ಲಿ ದಿನ ಗೊತ್ತಾದ ತಕ್ಷಣ ಹೇಳಿ, ಅವತ್ತು ಕೇಸ್ ಇಟ್ಕೊಳ್ಳಲ್ಲ. ನಕ್ಷೆ ರೂಮಲ್ಲೇ ಕೂರ್ತೀನಿ, ಮಕ್ಕಳು ಚುಕ್ಕಿ ಇಟ್ಟ ಜಾಗಕ್ಕೆ ಯಾವ ಕಾನೂನು ಬರುತ್ತೆ ಅಂತ ಪಕ್ಕದಲ್ಲೇ ಬರ್ಕೊಂಡು ಹೋಗೋಣ.

ರೇಷ್ಮೆ ಗೂಡು, ಶಿಡ್ಲಘಟ್ಟ:

ಚಾರ್ಟ್ ಶೀಟು, ಸ್ಕೆಚ್ ಪೆನ್ನು ನನ್ನ ಕಡೆಯಿಂದ. ಎಷ್ಟು ಬೇಕು ಹೇಳಿ, ಕೆಂಪು ಜಾಸ್ತಿ ತರ್ಬೇಕಾ?